ಮನೆಗೊಂದು ನಂಬರು

ಮಾರನಕೊಪ್ಪಲಿನ ಅರ್ಪಿತಳಿಗೆ ಒಂದು ಕಾಯಿಲೆಯಿತ್ತು, ಕೇಳುವ ಕಾಯಿಲೆ. ಬಸ್ಸು ಹತ್ತಿದರೆ ಕಂಡಕ್ಟರನ್ನು ಟಿಕೆಟ್ ಮೆಷಿನ್ನಿನ ಹೊಟ್ಟೆಯೊಳಗೆ ಏನಿದೆ ಎಂದು ಕೇಳುವಳು. ದನದ ಡಾಕ್ಟರು ಬಂದರೆ ಸೂಜಿ ಕುತ್ತಿಗೆಗೇ ಏಕೆ, ಬೆನ್ನಿಗೇಕಲ್ಲ ಎಂದು ತಲೆ ತಿನ್ನುವಳು. ಗಂಡ ಧರ್ಮೇಂದ್ರ ಟ್ರಾಕ್ಟರಿನಲ್ಲಿ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವವನು, ದಿನವಿಡೀ ಇಂಜಿನ್ನಿನ ಸದ್ದು ಕೇಳಿ ಮನೆಗೆ ಬಂದರೆ ಇವಳ ಸದ್ದು. "ಮಾತಾಡು, ಬ್ಯಾಡ ಅನ್ನಕಿಲ್ಲ. ಆದ್ರೆ ಎಲ್ಲಾ ಮಾತ್ನೂ 'ಯಾಕೆ' ಅಂತ್ಲೇ ಸುರು ಮಾಡ್ಬ್ಯಾಡ ಕಣೇ" ಎಂದು ಮದುವೆಯಾದ ಹೊಸದರಲ್ಲೇ ಕೈಮುಗಿದಿದ್ದ. ಅವಳು ಕೇಳಿದ್ದು, "ಯಾಕೆ?"

ಇಂಥವಳ ಬಾಯನ್ನೂ ಒಬ್ಬರು ಮುಚ್ಚಿಸಿದ್ದರು. ಕೆ.ಆರ್.ಪೇಟೆಯಲ್ಲಿ ಬಿಸಿಎ ಓದುವಾಗ ಕೊನೆಯ ವರ್ಷದ ಮೌಖಿಕ ಪರೀಕ್ಷೆಗೆ ಮೈಸೂರಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಎಂದರೇನು ಎಂದು ಕೇಳಿದರು. ಅರ್ಪಿತ ಬಾಯಿಪಾಠ ಒಪ್ಪಿಸಿದಳು: ಒಂದು ಸಾಫ್ಟ್‌ವೇರಿನ ಮುಖ್ಯ ಭಾಗಗಳು, ಆ ಭಾಗಗಳ ನಡುವಿನ ಸಂಬಂಧ. ಅವರು ಕನ್ನಡಕ ತೆಗೆದು ಒರೆಸುತ್ತ, "ಮುಖ್ಯ ಅಂತ ಯಾವುದನ್ನ ಅಂತೀಯಮ್ಮ? ಇದು ಮುಖ್ಯ, ಇದಲ್ಲ ಅಂತ ಹೇಗೆ ಗೊತ್ತಾಗುತ್ತೆ?" ಎಂದರು. ಅರ್ಪಿತ ಪೆದ್ದುಪೆದ್ದಾಗಿ ನಕ್ಕಳು. ಅವರೂ ನಕ್ಕು ಪಾಸು ಮಾಡಿ ಕಳಿಸಿದರು.

ಬೇರೆಯವರಾಗಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದರು. ಇವಳು ಬಿಡಬೇಕಲ್ಲ! ಮೇಷ್ಟರನ್ನು ಕೇಳಿದಳು. ಚೌಕ ಬರೆದು ಗೆರೆ ಎಳೆದು ತೋರಿಸುತ್ತಾರಲ್ಲ, ಅದೇ ಎಂದರು. ಗೆಳತಿಯೊಬ್ಬಳು, ಜಾಸ್ತಿ ಸಂಬಳದವರು ಮಾಡುವ ಕೆಲಸ ಅದು, ನಮಗ್ಯಾಕೆ ಬಿಡು ಎಂದಳು. ಮನೆ ಕಟ್ಟುವ ಮುಂಚೆ ನಕ್ಷೆ ಹಾಕುವ ಹಾಗೆ ಎಂದು ಇನ್ನೊಬ್ಬರು ಹೇಳಿದಾಗ ಸ್ವಲ್ಪ ಸಮಾಧಾನವಾಯಿತು, ಆಮೇಲೆ ಅದೂ ಹೋಯಿತು. ಮನೆಯಲ್ಲಾದರೆ ಯಾವುದು ಗೋಡೆ, ಯಾವುದು ಸುಣ್ಣ ಎಂದು ಕಣ್ಣಿಗೆ ಕಾಣುತ್ತದೆ. ಪ್ರೋಗ್ರಾಮಿನಲ್ಲಿ ಎಲ್ಲವೂ ಅಕ್ಷರವೇ. ಅದರಲ್ಲಿ ಗೋಡೆ ಯಾವುದು? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಬೂಕನಕೆರೆಯ ತವರಿನಿಂದ ಕಿಕ್ಕೇರಿಯ ಆಚೆಗಿನ ಮಾರನಕೊಪ್ಪಲಿಗೆ ಸೊಸೆಯಾಗಿ ಬಂದಳು.

ಬಂದ ಊರಿನಲ್ಲಿ ಹೆಂಗಸರದೇ ಹಾಲಿನ ಡೈರಿ ಇತ್ತು. ಓದಿದವಳು ಎಂದು ಅರ್ಪಿತಳನ್ನು ಕಾರ್ಯದರ್ಶಿ ಮಾಡಿದರು. ಅಲ್ಲಿದ್ದ ಯಂತ್ರ ಇಂಗ್ಲಿಷಿನಲ್ಲಿ ಏನೋ ಗೀಚುತ್ತಿತ್ತು. ಹಾಲು ಹಾಕುವವರು ಸ್ಲಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅರ್ಪಿತ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ತಾನೇ ಕನ್ನಡದಲ್ಲಿ ಪ್ರೋಗ್ರಾಮು ಬರೆದಳು. ಮನೆಗೊಂದು ನಂಬರು. ನಂಬರು ಒತ್ತಿದರೆ ಮನೆಯ ಹೆಸರು, ಹಾಲಿನ ಅಳತೆ, ಫ್ಯಾಟು, ಎಲ್ಲ ದೊಡ್ಡ ಅಕ್ಷರದಲ್ಲಿ. ಅಕ್ಷರ ಬಾರದವರಿಗೆ ಕಂಪ್ಯೂಟರೇ ಕೂಗಿ ಹೇಳುವ ಹಾಗೂ ಮಾಡಿದಳು. ಅದು ಬೆಳಗಿನ ಜಾವ "ಅಟ್ಟಿಮನೆ ಮಂಚಮ್ಮ" ಎಂದು ಕೂಗಿದಾಗ ಮುದುಕಿಯರು ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ದರ ಬದಲಾಯಿತೇ, ಒಂದು ಸಾಲು ತಿದ್ದಿದರೆ ಮುಗಿಯಿತು. ಸ್ಲಿಪ್ಪಿನ ಬಣ್ಣ ಬೇಡವೇ, ತೆಗೆದಳು. ಏನು ಕೇಳಿದರೂ ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಮಾಡಿಕೊಡುವಳು. ನಾಗಮಂಗಲದ ಕಡೆಯ ಡೈರಿಯವರೂ ಬಂದು ನೋಡಿ, ನಮಗೂ ಇಂಥದೇ ಬೇಕು ಎಂದು ಹೇಳಿ ಹೋದರು. ಸ್ವಲ್ಪ ಜಂಬ ಬಂದಿತ್ತು, ಸುಳ್ಳು ಹೇಳಬಾರದು.

ಒಂದು ಶುಕ್ರವಾರ ಸಂಜೆ, ಹಾಲಿನ ಗಾಡಿ ಹೋದ ಮೇಲೆ, ರಂಜಿತ ಬಂದು ಬಾಗಿಲಲ್ಲಿ ನಿಂತಳು. ಅಟ್ಟಿಮನೆ ಮಂಚಮ್ಮನ ಕಿರಿಸೊಸೆ, ಪಾಂಡವಪುರದ ಕಡೆಯ ಹುಡುಗಿ. ಅತ್ತು ಕಣ್ಣು ಊದಿತ್ತು.

"ಅಕ್ಕ, ನಮ್ಮನೇಲಿ ಭಾಗ ಆಯ್ತಾ ಅದೆ" ಎಂದಳು.

ಅಣ್ಣ ನಾಗರಾಜು, ತಮ್ಮ ರವೀಂದ್ರ. ರಂಜಿತ ರವೀಂದ್ರನ ಹೆಂಡತಿ. ಹೊಲ ಗದ್ದೆ ಹಂಚಿಯಾಗಿತ್ತು, ಪಾತ್ರೆ ಪಗಡೆ ಹಂಚಿಯಾಗಿತ್ತು. ಕೊಟ್ಟಿಗೆಯ ಹತ್ತಿರ ಬಂದು ಜಗಳ ನಿಂತಿತ್ತು. ಕೊಟ್ಟಿಗೆಯಲ್ಲಿ ಮನೆಯ ಹಸುಗಳ ಜೊತೆ ಗೌರಿ ಎಂಬ ಹಸುವಿತ್ತು, ಅದು ಹಾಕಿದ ಎರಡು ಕಡಸುಗಳಿದ್ದವು. ರಂಜಿತ ಬಾಣಂತನ ಮುಗಿಸಿ ಕೂಸು ಎತ್ತಿಕೊಂಡು ಬಂದಾಗ ಅವಳಪ್ಪ ಹಿಡಿದು ತಂದು ಕಟ್ಟಿದ ಹಸು ಅದು. ಆ ಊರುಗಳಲ್ಲಿ ಹಾಗೆ ತವರಿನಿಂದ ಬಂದ ಹಸು ಹೆಣ್ಣಿನದು, ಅದರ ಹಾಲು ಅವಳದು, ಅದರ ಸಂತಾನವೂ ಅವಳದು. ಯಾರೂ ಬರೆದಿಟ್ಟ ಮಾತಲ್ಲ.

"ನಮ್ ಭಾವ ಏನಂತಾವ್ರೆ ಗೊತ್ತಾ? ಎಲ್ಲಾ ಆಲು ಒಂದೇ ನಂಬರಿಗೆ ಬಿದ್ದದೆ, ಡೈರಿ ಪ್ರಿಂಟೇ ಯೋಳ್ತದೆ, ಅಸ ಎಲ್ಲಾ ಮನೇದು, ಸಮ ಭಾಗ ಮಾಡಿ ಅಂತಾವ್ರೆ. ಭಾನ್ವಾರ ಪಂಚಾಯ್ತಿ. ನನ್ ಗೌರಿ ಆಲು ಬ್ಯಾರೆ ತೆಗ್ದು ಒಂದು ಪ್ರಿಂಟು ಕೊಟ್ಬುಡಕ್ಕ, ಅಷ್ಟು ಸಾಕು. ನಾನು ದಿನಾ ಬ್ಯಾರೆ ಕ್ಯಾನಲ್ಲೇ ತಂದು ಸುರ್ದಿಲ್ವಾ?"

ಹೌದು, ತಂದಿದ್ದಳು. ಅತ್ತೆಯದು ಒಂದು ಕ್ಯಾನು, ಇವಳದು ಒಂದು. ಎರಡನ್ನೂ ಅರ್ಪಿತಳೇ ಕೈಯಾರೆ ಅಳೆದುಕೊಂಡಿದ್ದಳು.

"ಅಷ್ಟೇನಾ? ಕೂತ್ಕೊ, ಟೀ ಕುಡಿಯೋ ಹೊತ್ಗೆ ತೆಗ್ದು ಕೊಡ್ತೀನಿ" ಎಂದಳು ಅರ್ಪಿತ.

ಟೀ ಆರಿ ಕೆನೆ ಕಟ್ಟಿತು. ಅರ್ಪಿತ ಇನ್ನೂ ಪರದೆ ನೋಡುತ್ತಲೇ ಇದ್ದಳು. ಒಂದೇ ನಂಬರಿನವರು ಎರಡು ಸಲ ಹಾಲು ಹಾಕಿದರೆ ಎರಡನ್ನೂ ಕೂಡಿಸಿ ಒಂದೇ ಮೊತ್ತ ಇಟ್ಟುಕೊಳ್ಳುವಂತೆ ಅವಳೇ ಬರೆದಿದ್ದಳು. ಬರೆದ ದಿನ, ಎಷ್ಟು ಚೊಕ್ಕಟವಾಗಿದೆ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು. ಕೂಡಿಸಿದ ಮೇಲೆ ಬಿಡಿ ಲೆಕ್ಕ ಉಳಿಸಿರಲಿಲ್ಲ. ಗೌರಿಯ ಹಾಲು ಎಷ್ಟು ವರ್ಷ ಹರಿದರೂ ಕಂಪ್ಯೂಟರಿನ ಪಾಲಿಗೆ ಗೌರಿ ಹುಟ್ಟಿಯೇ ಇರಲಿಲ್ಲ.

"ಬರಕಿಲ್ಲ ಕಣೇ ರಂಜಿತ" ಎಂದಳು ಕೊನೆಗೆ.

ರಂಜಿತ ಬೈಯಲಿಲ್ಲ. "ದಿನಾ ನಿನ್ ಕೈಗೇ ಕೊಟ್ಟೆನಲ್ಲಕ್ಕ" ಎಂದಷ್ಟೇ ಹೇಳಿ ಎದ್ದು ಹೋದಳು. ಬೈದಿದ್ದರೇ ವಾಸಿಯಿತ್ತು.

ಶನಿವಾರ ಅರ್ಪಿತ ಬೆಳಗಿನ ಹಾಲು ಮುಗಿಸಿ ಡೈರಿಯಲ್ಲೇ ಕುಳಿತಳು. ಹೋದದ್ದು ಹೋಯಿತು, ಇನ್ನು ಮುಂದಾದರೂ ಒಂದು ಮನೆಯಲ್ಲಿ ಇಬ್ಬರ ಹಾಲು ಬೇರೆ ಬೇರೆ ನಿಲ್ಲಲಿ ಎಂದು ತಿದ್ದಲು ಹೊರಟಳು. ಹಾಲಿನ ಲೆಕ್ಕ ತಿದ್ದಿದರೆ ಸ್ಲಿಪ್ಪು ಕೆಟ್ಟಿತು. ಸ್ಲಿಪ್ಪು ಸರಿಮಾಡಿದರೆ ದುಡ್ಡು ಹಾಕುವ ಕಡೆ ಕೆಟ್ಟಿತು, ಅದು ಮನೆಯನ್ನು ಹುಡುಕುತ್ತಿತ್ತು. ಬೂಸದ ಮೂಟೆ ಹಂಚುವುದು ಮನೆಯ ಮೇಲೆ, ಡೈರಿ ಚುನಾವಣೆಯ ಓಟಿನ ಪಟ್ಟಿ ಮನೆಯ ಮೇಲೆ, ಬೆಳಗಿನ ಜಾವ ಕೂಗುವುದೂ ಮನೆಯ ಹೆಸರನ್ನೇ. ಸ್ವೆಟರಿನ ಒಂದು ಎಳೆ ಹಿಡಿದು ಎಳೆದರೆ ತೋಳೆಲ್ಲ ಬಿಚ್ಚಿಕೊಂಡು ಬರುತ್ತದಲ್ಲ, ಹಾಗೆ. ಆದರೂ, ಏನು ಹೇಳೋಣ ಈ ಹೆಂಗಸಿಗೆ, ಆ ಗೋಜಲಿನ ನಡುವೆಯೇ ಅವಳ ಕಿವಿ ನೆಟ್ಟಗಾಯಿತು. ದರ ತಿದ್ದಲು ಒಂದು ಸಾಲು. ಬಣ್ಣ ತಿದ್ದಲು ಒಂದು ಸಾಲು. ಇದನ್ನು ತಿದ್ದಲು ಮಾತ್ರ ಇಡೀ ಪ್ರೋಗ್ರಾಮನ್ನೇ ಬಿಚ್ಚಬೇಕು. ಯಾಕೆ? ಇದರಲ್ಲೇನು ಅಂಥದ್ದು?

ಮಧ್ಯಾಹ್ನ ಊಟಕ್ಕೆ ಬಂದ ಧರ್ಮೇಂದ್ರನಿಗೆ ಮುದ್ದೆ ಬಡಿಸುತ್ತ ಎಲ್ಲವನ್ನೂ ಹೇಳಿದಳು. ಅವನಿಗೆ ಅರ್ಧ ಅರ್ಥವಾಯಿತು, ಅರ್ಧ ಸಾರಿನ ಜೊತೆ ಹೋಯಿತು.

"ಅಲ್ಲ ಕಣೇ, ಮನೆಗೊಂದು ನಂಬರು ಅಂತ ತೀರ್ಮಾನ ಮಾಡ್ದೋರು ಯಾರು? ಡೈರಿ ಮೀಟಿಂಗಲ್ಲಿ ಯೋಳುದ್ರಾ?"

"ಯಾರೂ ಯೋಳಿಲ್ಲ."

"ಮತ್ತೆ ನೀನೇ ಮಾಡ್ದಾ?"

ಅರ್ಪಿತ ಸೌಟು ಹಿಡಿದುಕೊಂಡೇ ನಿಂತಳು. ತಾನೇ ಮಾಡಿದ್ದು, ಸರಿ. ಯಾವಾಗ? ಸ್ಲಿಪ್ಪು ಯಾವ ಬಣ್ಣ ಇರಬೇಕೆಂದು ಎರಡು ದಿನ ಯೋಚಿಸಿದ್ದು ನೆನಪಿದೆ. ಅಕ್ಷರ ಎಷ್ಟು ದಪ್ಪ ಎಂದು ಮಂಚಮ್ಮನನ್ನೇ ಕರೆದು ತೋರಿಸಿ ಕೇಳಿದ್ದು ನೆನಪಿದೆ. ಮನೆಗೊಂದು ನಂಬರು ಎಂದು ಕುಳಿತು ಯೋಚಿಸಿದ್ದು ಮಾತ್ರ ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ, ಏಕೆಂದರೆ ಯೋಚಿಸಿಯೇ ಇರಲಿಲ್ಲ. ಹಬ್ಬದ ವಂತಿಗೆ ಎತ್ತುವುದು ಮನೆಗೆ ಇಷ್ಟು ಎಂದು. ಮದುವೆಗೆ ಕರೆಯುವುದು ಮನೆಗೊಂದು ವೀಳ್ಯ ಇಟ್ಟು. ಯಾರನ್ನು ಕರೆದರೂ ಅಟ್ಟಿಮನೆಯವರು, ಮೂಲೆಮನೆಯವರು. ಬೆಂಗಳೂರಿನವರು ಯಾರಾದರೂ ಬಂದು ಬರೆದಿದ್ದರೆ ತಲೆಗೊಂದು ನಂಬರು ಕೊಡುತ್ತಿದ್ದರೋ ಏನೋ. ಈ ಮಣ್ಣಿನಲ್ಲಿ ಹುಟ್ಟಿದವಳಿಗೆ ಮನೆ ಬಿಟ್ಟು ಇನ್ನೊಂದು ಹೊಳೆಯಲೇ ಇಲ್ಲ.

"ಅದೇ ಕಣ್ರೀ!" ಎಂದು ಕೂಗಿದಳು. ಧರ್ಮೇಂದ್ರನ ಗಂಟಲಿಗೆ ಮುದ್ದೆ ಸಿಕ್ಕಿಕೊಂಡಿತು. "ಮುಖ್ಯ ಯಾವ್ದು ಅಂತ ಕೇಳಿದ್ರಲ್ಲ ಅವ್ರು! ಆಮೇಲೆ ಬದ್ಲಾಯ್ಸಕ್ಕೆ ಹೋದ್ರೆ ಯಾವ್ದು ಎಲ್ಲಾನೂ ಎಳ್ಕೊಂಡು ಬತ್ತದೋ ಅದೇ ಮುಖ್ಯ. ಅದೇ ಆರ್ಕಿಟೆಕ್ಚರು. ನಾವು ಚೌಕ ಬರೆದ್ರೂ ಇರ್ತದೆ, ಬರೀದೇ ಇದ್ರೂ ಇರ್ತದೆ. ನಾನು ತೀರ್ಮಾನ ಮಾಡ್ಬುಟ್ಟಿದ್ದೆ, ಮಾಡಿದೀನಿ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ!"

"ಯಾರು ಕೇಳುದ್ರು?" ಎಂದು ಕೆಮ್ಮಿದ ಧರ್ಮೇಂದ್ರ, "ನೀರು ಕೊಡೇ ಮಾರಾಯ್ತಿ."

ನೀರು ಕೊಟ್ಟಳು. ಅಷ್ಟು ವರ್ಷದ ಗಂಟು ಬಿಚ್ಚಿದ ಖುಷಿ ಆ ಲೋಟ ಬರಿದಾಗುವವರೆಗೂ ನಿಲ್ಲಲಿಲ್ಲ. ಗಂಟು ಬಿಚ್ಚಿದ್ದು ಇವಳದು, ಹಸು ಹೋಗುವುದು ರಂಜಿತಳದು.

ಭಾನುವಾರ ಬೆಳಿಗ್ಗೆ ಅಟ್ಟಿಮನೆಯ ಜಗಲಿ ತುಂಬಿತ್ತು. ಊರ ಯಜಮಾನ ದ್ಯಾವಯ್ಯ ಕಂಬಕ್ಕೆ ಒರಗಿ ಕುಳಿತಿದ್ದರು. ನಾಗರಾಜು ಡೈರಿಯ ಪ್ರಿಂಟನ್ನು ಅವರ ಮುಂದೆ ಹರಡಿದ. ರವೀಂದ್ರ ನೆಲ ನೋಡುತ್ತಿದ್ದ. ಮಂಚಮ್ಮ ಹೊಸ್ತಿಲ ಒಳಗೆ ಎಲೆಅಡಿಕೆ ಮೆಲ್ಲುತ್ತಿದ್ದಳು. ರಂಜಿತ ಕೊಟ್ಟಿಗೆಯ ಬಾಗಿಲು ಬಿಟ್ಟು ಈಚೆಗೆ ಬಂದಿರಲಿಲ್ಲ.

"ಏನವ್ವ ಅರ್ಪಿತ, ನಿನ್ನ ಕಂಪ್ಯೂಟ್ರೇ ಕೊಟ್ಟಿರೋದಾ ಇದು?" ಎಂದರು ದ್ಯಾವಯ್ಯ.

"ಊ ಕಣಪ್ಪ, ನಂದೇ. ಆದ್ರೆ ಅದ್ನ ನೋಡಿ ನ್ಯಾಯ ಮಾಡ್ಬ್ಯಾಡಿ."

"ಯಾಕ್ರಮ್ಮ?" ಎಂದು ನಾಗರಾಜು ಎದ್ದೇ ಬಿಟ್ಟ. "ನೆನ್ನೆಗಂಟ ಸರಿ ಇತ್ತು, ಇವತ್ತು ಸುಳ್ಳು ಯೋಳ್ತದಾ?"

ನಾಗಮಂಗಲದವರು ನೆನಪಾದರು. ಈ ಮಾತು ಡೈರಿಯಿಂದ ಡೈರಿಗೆ ಹೋಗುವುದು ಖಂಡಿತ. ಅರ್ಪಿತಳ ಕಿವಿ ಬಿಸಿಯಾಯಿತು.

"ಸುಳ್ಳು ಯೋಳಕಿಲ್ಲಣ್ಣ. ಆಲು ಯಾವ ಮನೇದು ಅಂತ ಕೇಳಕ್ಕೆ ಮಾತ್ರ ಅದಕ್ಕೆ ಬರೋದು. ಅಸ ಯಾರ್ದು ಅಂತ ಅದು ಒಂದು ದಿನಾನೂ ಕೇಳಿಲ್ಲ. ಕೇಳೋ ಅಂಗೆ ನಾನು ಕಟ್ಟೇ ಇಲ್ಲ. ತಪ್ಪು ಅದ್ರದ್ದಲ್ಲ, ನಂದು. ಕೇಳ್ದೆ ಇರೋದಕ್ಕೆ ಉತ್ತರ ಎಲ್ಲಿಂದ ತರ್ತದೆ?"

ಜಗಲಿ ಗುಸುಗುಸು ಎಂದಿತು. ದ್ಯಾವಯ್ಯ ಪ್ರಿಂಟನ್ನು ಮಡಿಸಿ ಪಕ್ಕಕ್ಕಿಟ್ಟರು. "ಸರಿ ಕಣವ್ವ. ಅಂಗಾದ್ರೆ ಯಾರ್ನ ಕೇಳದು?"

"ನನ್ನ ಕೇಳ್ರಪ್ಪ!" ಎಂದು ಹೊಸ್ತಿಲ ಒಳಗಿಂದ ಮಂಚಮ್ಮನ ದನಿ ಬಂತು. ಎಲೆಅಡಿಕೆ ಉಗಿದು ಎದ್ದು ಬಂದಳು. "ಗೌರಿ ಬಂದಾಗ ಕಾಲಿಗೆ ನೀರು ಉಯ್ದು, ಆರ್ತಿ ಎತ್ತಿ ಒಳಕ್ಕೆ ಕರ್ಕಂಡೋಳು ನಾನು. ಅವ್ಳಪ್ಪ ಹಗ್ಗ ಕೊಟ್ಟಿದ್ದು ಮಗಳ ಕೈಗೆ, ನನ್ ಕೈಗಲ್ಲ. ಅಸ ಅವಳ್ದು, ಕಡಸೂ ಅವಳ್ದೇ."

"ಇದ್ನ ಇಷ್ಟು ದಿನ ಯಾಕವ್ವ ಯೋಳ್ನಿಲ್ಲ?" ಎಂದ ನಾಗರಾಜು, ಮುಖ ಕೆಂಪಗೆ ಮಾಡಿಕೊಂಡು.

"ನೀನು ಕೇಳುದ್ಯೇನ್ಲಾ? ಕಂಪ್ಯೂಟ್ರು ಯೋಳ್ತದೆ, ಕಂಪ್ಯೂಟ್ರು ಯೋಳ್ತದೆ ಅಂತ ಕುಣೀತಿದ್ದೆ. ಅದೇ ಯೋಳ್ಲಿ ಅಂತ ಸುಮ್ಕಿದ್ದೆ."

ದ್ಯಾವಯ್ಯ ಗೊಳ್ಳೆಂದು ನಕ್ಕರು, ಆಮೇಲೆ ಎಲ್ಲರೂ. ನಾಗರಾಜು ನಗಲಿಲ್ಲ, ಆದರೆ ಹೆತ್ತವ್ವ ಹೇಳಿದ ಮೇಲೆ ಪ್ರಿಂಟನ್ನು ಎತ್ತಿ ಜೇಬಿಗೆ ತುರುಕಿಕೊಂಡ. ಮಂಚಮ್ಮ ಕೊಟ್ಟಿಗೆಗೆ ಹೋಗಿ ಗೌರಿಯ ಹಗ್ಗ ಬಿಚ್ಚಿ ರಂಜಿತಳ ಕೈಗಿಟ್ಟಳು. ರಂಜಿತ ಹಸುವಿನ ಕುತ್ತಿಗೆ ತಬ್ಬಿಕೊಂಡು ಅತ್ತಳು. ಅರ್ಪಿತ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಲ್ಲಿಂದ ಎದ್ದು ಬಂದಳು.

ಹೊಸದಾಗಿ ಬರೆಯಲು ತಿಂಗಳುಗಳೇ ಹಿಡಿದವು. ಇಡೀ ಪ್ರೋಗ್ರಾಮನ್ನು ಬುಡದಿಂದ ಬಿಚ್ಚಿ ಕಟ್ಟಿದಳು. ನಾಗಮಂಗಲದವರು ಸುದ್ದಿ ಕೇಳಿ, ಬೇರೆ ಕಡೆ ಕೊಂಡುಕೊಂಡೆವು ಎಂದು ಹೇಳಿಕಳಿಸಿದರು. ಬೇಜಾರಾಯಿತು, ಆದರೆ ಕೈ ನಿಲ್ಲಿಸಲಿಲ್ಲ. ಕಟ್ಟುವಾಗ ಪ್ರತಿ ಸಾಲಿಗೂ, ನಾನು ಇನ್ನೇನನ್ನು ಕೇಳದೆ ಒಪ್ಪಿಕೊಂಡಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಹುಡುಕಿದರೆ ಸಿಗುತ್ತಲೇ ಇದ್ದವು. ಆ ಹುಡುಕಾಟ ಅವಳಿಗೆ ಹಬ್ಬದಂತಿತ್ತು.

ಮುಗಿದ ದಿನ ಮಧ್ಯಾಹ್ನ, ಕಂಪ್ಯೂಟರನ್ನು ಮನೆಗೇ ತಂದು ಪಡಸಾಲೆಯಲ್ಲಿ ಕುಳಿತು, ಪರೀಕ್ಷೆಗೆಂದು ಮೊದಲು ತಮ್ಮ ಮನೆಯದನ್ನೇ ಹಾಕಿದಳು. ಮನೆಯ ಹೆಸರು ಕೇಳಿತು, ಕೊಟ್ಟಳು. ಹಸು ಯಾವುದು ಎಂದಿತು. ಕೊಟ್ಟಿಗೆಯಲ್ಲಿರುವುದು ಒಂದೇ, ಕೆಂದಿ. ಹಸು ಯಾರದು ಎಂದಿತು.

"ಅತ್ತೆ, ಕೆಂದಿ ಯಾರ್ದು?" ಎಂದು ಒಳಗೆ ಕೂಗಿದಳು.

"ಯಾರ್ದು ಅಂದ್ರೇನೇ? ಮನೇದು" ಎಂದರು ಅತ್ತೆ, ಅವರೆಕಾಯಿ ಸುಲಿಯುತ್ತ. ದನಿಯಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದ್ದರು.

ಅರ್ಪಿತಳ ಬೆರಳು ನಿಂತಿತು. ಕೆಂದಿಯನ್ನು ಬೂಕನಕೆರೆಯಿಂದ ಅಪ್ಪ ಬಿಸಿಲಲ್ಲಿ ನಡೆಸಿಕೊಂಡು ಬಂದು ಕಟ್ಟಿದ್ದ. ಹಗ್ಗ ಕೊಟ್ಟಿದ್ದು ತನ್ನ ಕೈಗೆ. ಅಂದಿನಿಂದ ತಾನೇ ಕರೆದ ಹಾಲನ್ನು ತಾನೇ ಅಳೆದುಕೊಂಡು, ತಾನೇ ಅತ್ತೆಯ ಹೆಸರಿನಲ್ಲಿದ್ದ ಮನೆಯ ನಂಬರು ಒತ್ತಿದ್ದಳು. ರಂಜಿತಳ ಪರವಾಗಿ ಅಷ್ಟೆಲ್ಲ ಮಾತಾಡಿದ ದಿನವೂ ಇದು ನೆನಪಾಗಿರಲಿಲ್ಲ. ಹೆದರಿಕೆಯಾಯಿತು. ಜಗಳಕ್ಕೆ ಹೆದರಿದ್ದಲ್ಲ, ತನ್ನದನ್ನು ತಾನೇ ಮರೆತಿದ್ದಕ್ಕೆ ಹೆದರಿದ್ದಳು.

"ಅಲ್ಲ ಅತ್ತೆ" ಎಂದಳು, "ಕೆಂದಿ ನಂದು."

ಒಳಗೆ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಅರ್ಪಿತ ತನ್ನ ಹೆಸರು ಬರೆದಳು.