ಸುಡದ ಮನೆಯ ಹಿಂದಿನ ಕೋಣೆ

ಅವಳಿಗೆ ಕಾಂಕ್ರೀಟಮ್ಮ ಎಂದು ಹೆಸರಿಟ್ಟವರು ಅವಳ ಭಾವ. ಭಾವ ಬಡಗಿ. ಅವಳು ಕಾಡಿನಂಚಿನಲ್ಲಿ ಬೆಂಕಿಗೆ ಬಗ್ಗದ ಮನೆಗಳ ನಕ್ಷೆ ಬರೆಯುವವಳು. ಅವಳು ಕಟ್ಟಿಸಿದ ಮನೆಗಳಲ್ಲಿ ತೊಲೆಯಿಲ್ಲ, ಮರದ ಹೊಸ್ತಿಲಿಲ್ಲ, ಬಾಗಿಲಿಗೂ ಉಕ್ಕಿನ ಹಲಗೆ. "ನನ್ನ ಹೊಟ್ಟೆ ಮೇಲೆ ಸಿಮೆಂಟು ಸುರಿದವಳು ಇವಳೇ ನೋಡಿ" ಎಂದು ಭಾವ ಬಂದವರಿಗೆಲ್ಲ ನಾದಿನಿಯನ್ನು ಪರಿಚಯ ಮಾಡಿಕೊಡುತ್ತಿದ್ದರು.

ಅದೇ ಭಾವನ ಕಾರ್ಖಾನೆಗೆ ಅವಳು ವರ್ಷವರ್ಷವೂ ಬೇಸಿಗೆ ಕಣ್ಣು ಬಿಡುವ ಮೊದಲು ಬರುತ್ತಿದ್ದಳು. ಗರಗಸದಡಿ ಗುಡ್ಡೆ ಬಿದ್ದ ಮರದ ಹೊಟ್ಟನ್ನು ಚೀಲಗಳಲ್ಲಿ ತುಂಬಿಸಿಕೊಂಡು, ತಾನು ಕಟ್ಟಿಸಿದ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದಳು. ಆಳೆತ್ತರದ ಫ್ಯಾನೊಂದನ್ನು ಮನೆಯ ಮುಂದೆ ನಿಲ್ಲಿಸಿ, ಅದರ ಎದುರು ಹೊಟ್ಟನ್ನು ಹಿಡಿಹಿಡಿಯಾಗಿ ತೂರುವಳು. ಹೊಟ್ಟು ಹಾರಿ ಗೋಡೆಗೆ ಬಡಿದು, ಮೂಲೆಗಳಲ್ಲಿ ಸುಳಿದು, ಎಲ್ಲೋ ಒಂದು ಕಡೆ ಮೆತ್ತಗೆ ಕೂರುವುದು. ಹೊಟ್ಟು ಎಲ್ಲಿ ಕೂತಿತೋ ಕಿಡಿಯೂ ಅಲ್ಲೇ ಕೂರುತ್ತದೆ ಎಂಬುದು ಅವಳ ಲೆಕ್ಕಾಚಾರ. ಕಾಡ್ಗಿಚ್ಚು ಮನೆಗೆ ನಾಲಿಗೆ ಚಾಚಿಕೊಂಡು ಬರುವುದು ಕಡಿಮೆ. ಅದು ಮೊದಲು ಕಿಡಿಗಳನ್ನು ಕಳಿಸುತ್ತದೆ, ನೆಂಟಸ್ತನ ಕೇಳಲು ಜನರನ್ನು ಕಳಿಸಿದ ಹಾಗೆ. ಕಾಲೊರಸಿನ ಮೇಲೆ, ಒಣಗಿದ ಹೂಕುಂಡದಲ್ಲಿ, ಗಾಳಿಕಿಂಡಿಯಲ್ಲಿ ಒಂದು ಕಿಡಿಗೆ ಕೂರಲು ಜಾಗ ಸಿಕ್ಕರೆ ಮುಗಿಯಿತು. ಅದಕ್ಕೇ ಅವಳ ಮನೆಗಳ ಸೂರು ಹೊರಗೆ ಚಾಚುವುದಿಲ್ಲ, ಗಾಳಿಕಿಂಡಿಗಳಿಗೆ ಸಾಸಿವೆ ನುಸುಳದಷ್ಟು ಸಣ್ಣ ಉಕ್ಕಿನ ಜಾಲರಿ, ಸುತ್ತಲೂ ಹೂಗಿಡದ ಬದಲು ಬರೀ ಜಲ್ಲಿ. ಕಾಂಕ್ರೀಟು ಚೆನ್ನಾಗಿ ಒಣಗುವ ತನಕ ಗೃಹಪ್ರವೇಶಕ್ಕೆ ಒಪ್ಪುವವಳಲ್ಲ. ಒಳಗೆ ಹಸಿ ಉಳಿದ ಗೋಡೆ ಬೆಂಕಿಗೆ ಸಿಕ್ಕರೆ ಬಾಣಲೆಯ ಕಾಳಿನಂತೆ ಸಿಡಿಯುತ್ತದೆ ಎನ್ನುವಳು.

ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ಅಕ್ಕ ತಂಗಿ ಇಬ್ಬರೂ ಹುಟ್ಟಿದ ಮರದ ಮನೆ ಒಂದು ಬೇಸಿಗೆಯಲ್ಲಿ ಸುಟ್ಟುಹೋಯಿತು. ಜನ ಯಾರಿಗೂ ಏನೂ ಆಗಲಿಲ್ಲ. ಅಪ್ಪನ ಕೈ ಹಿಡಿದು ಮರಳಿ ಬಂದಾಗ ಬೂದಿಯ ನಡುವೆ ನಿಂತಿದ್ದದ್ದು ಒಂದೇ ಒಂದು ವಸ್ತು: ಹಿತ್ತಲಿನ ಸಿಮೆಂಟಿನ ನೀರುತೊಟ್ಟಿ. ಕಪ್ಪಾಗಿತ್ತು, ಆದರೆ ಒಂದು ಬಿರುಕಿರಲಿಲ್ಲ. ಆ ತೊಟ್ಟಿಯಂಥ ಮನೆ ಕಟ್ಟಬೇಕು ಎಂದು ತಂಗಿಯ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿತು. ಓದಿದಳು, ಕಲಿತಳು, ಇಟ್ಟಿಗೆ ಗಾತ್ರದ ಕಾಂಕ್ರೀಟು ತುಂಡುಗಳನ್ನು ಕುಲುಮೆಗೆ ಹಾಕಿ ತೆಗೆದು ಒಡೆದು ನೋಡಿದಳು. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ "ಇವಳಿಗೆ ಗಂಡು ಬೇಡ, ಗಾರೆ ಸಾಕು" ಎಂದು ನಗುತ್ತಿದ್ದಳು.

ತಂಗಿ ಕಟ್ಟಿಸಿದ ಮೊದಲ ಮನೆ ಅಕ್ಕನದೇ. ಗುಡ್ಡದ ಕೆಳಗಿನ ಬೀದಿಯ ಕೊನೆಯಲ್ಲಿ ಬೂದುಬಣ್ಣದ, ಚೌಕಾಕಾರದ, ಚಂದವೆಂದು ಯಾರೂ ಹೇಳದ ಮನೆ. ಬೀದಿಯ ಉಳಿದ ಮನೆಗಳೆಲ್ಲ ಮರದವು. ಅಕ್ಕನಿಗೆ ಒಂದು ಗುಣವಿತ್ತು, ಅಥವಾ ಒಂದು ಗುಣವಿರಲಿಲ್ಲ: ಬೇಡ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ "ಆಯ್ತು, ತನ್ನಿ" ಎನ್ನುವಳು.

ಈ ಸಲ ಬೇಸಿಗೆ ಬೇಗ ಬಂತು. ಗುಡ್ಡದ ಹುಲ್ಲು ಹಳದಿ ಬಿಟ್ಟು ಬಿಳಿಚಿಕೊಂಡಿತ್ತು. ಬೆಳಗಿನ ಗಾಳಿಗೆ ತಂಪಿರಲಿಲ್ಲ, ಯಾರದೋ ಜ್ವರದ ಉಸಿರಿನಂತಿತ್ತು. ತಂಗಿ ಹೊಟ್ಟಿನ ಚೀಲಗಳೊಂದಿಗೆ ಅಕ್ಕನ ಮನೆಗೆ ಬಂದು ಫ್ಯಾನು ಹಚ್ಚಿದಳು. ಮುಂದುಗಡೆ ಹೊಟ್ಟು ಎಲ್ಲೂ ನಿಲ್ಲಲಿಲ್ಲ. ಹಿಂದುಗಡೆ ತೂರಿದಾಗ ಮಾತ್ರ, ಯಾರೋ ಕರೆದಂತೆ ಹೋಗಿ ಮನೆಯ ಹಿಂಗೋಡೆಗೂ ಭಾವನ ಕಾರ್ಖಾನೆಗೂ ನಡುವಿನ ಓಣಿಯಲ್ಲಿ ಕೂತಿತು. ಆ ಓಣಿಯಾಚೆ ಭಾವನ ಮರದ ದಿಮ್ಮಿಗಳು ಸೂರಿನೆತ್ತರ ಪೇರಿಸಿದ್ದವು.

"ಭಾವ, ಈ ಕಾರ್ಖಾನೆ ಬೇರೆ ಕಡೆ ಸಾಗಿಸಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ?"

"ನಾಳೆ ಸಾಗಿಸ್ತೀನಿ ಅಂತ ನಾನೂ ಅಷ್ಟೇ ವರ್ಷದಿಂದ ಹೇಳ್ತಿದ್ದೀನಲ್ಲ, ಮಾತು ತಪ್ಪಿದ್ದೀನಾ?"

"ನಾಳೆ ಅಂದವನ ಮನೆ ಹಾಳು."

"ಮನೆ ನೀನು ಕಟ್ಟಿಸಿದ್ದು ಕಣಮ್ಮ. ಅದು ಹಾಳಾಗಲ್ಲ" ಎಂದು ಭಾವ ಬಾಯಲ್ಲಿದ್ದ ಮೊಳೆಗಳ ಸಂದಿಯಿಂದಲೇ ನಕ್ಕರು.

ಒಳಗಿನಿಂದಲೂ ಜಾಲರಿ ನೋಡೋಣವೆಂದು ಅವಳು ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಬಾಗಿಲು ಅರ್ಧಕ್ಕೇ ನಿಂತಿತು. ಸಂದಿಯಲ್ಲಿ ತಲೆ ಹಾಕಿ ನೋಡಿದವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ನೆಲದಿಂದ ಕಿಟಕಿಯ ತನಕ ಹಾಸಿಗೆಗಳು. ಅದರ ಮೇಲೆ ಬಟ್ಟೆಯ ಗಂಟುಗಳು, ಮರದ ಪೆಟ್ಟಿಗೆಗಳು, ಯಾರದೋ ಮದುವೆಯ ಫೋಟೋ, ಯಾರದೋ ಮಗುವಿನ ತೊಟ್ಟಿಲು. ಮೂಲೆಯಲ್ಲಿ ಗ್ಯಾಸ್ ಸಿಲಿಂಡರುಗಳು. ಹಿಂಗೋಡೆಯ ಬದಿಗೆ ಒಂದಿಷ್ಟು ಜಾಗ ಬಿಟ್ಟು ಅಲ್ಲಿ ಒಂದು ಕುರ್ಚಿ, ಅದರ ಮೇಲಿನ ಗೋಡೆಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ ಮೇಣದಬತ್ತಿಗಳು.

"ಅಕ್ಕಾ, ಏನಿದೆಲ್ಲ?"

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಬೀದಿಯವರದ್ದು. ಈ ಸಲ ಬೆಂಕಿ ಬರೋ ಹಾಗಿದೆ, ನಿಮ್ಮನೇಲಿ ಇಟ್ಕೊಳ್ಳಿ ಅಂದ್ರು. ಸುಡದ ಮನೆ ಅಂತ ಇರೋದು ಇದೊಂದೇ ಅಲ್ವಾ? ಬೇಡ ಅನ್ನೋದು ಹೇಗೆ?"

"ಸಿಲಿಂಡರು?"

"ಬೇಕರಿಯವರದ್ದು. ಅವರ ಅಂಗಡಿ ಮರದ್ದಂತೆ, ಅಪಾಯ ಅಂತೆ."

ತಂಗಿ ಗೋಡೆಗೆ ಒರಗಿಕೊಂಡಳು. ಸುಡಬಾರದೆಂದು ಕಟ್ಟಿದ ಮನೆಯೊಳಗೆ, ಬೀದಿಯಲ್ಲಿ ಸುಡುವಂಥದ್ದು ಏನೇನಿತ್ತೋ ಅಷ್ಟನ್ನೂ ತಂದು ತುಂಬಿದ್ದರು. ಪೆದ್ದತನದಿಂದಲ್ಲ, ನಂಬಿಕೆಯಿಂದ. ಅವಳ ನಕ್ಷೆಯ ಮೇಲಿನ ನಂಬಿಕೆಯಿಂದ.

"ಕುರ್ಚಿ ಯಾರಿಗೆ?"

"ಬೇಕರಿಯವರ ಅಮ್ಮಂಗೆ. ಪಾಪ, ನೆಲದಲ್ಲಿ ಕೂರೋಕಾಗಲ್ಲ. ಬೆಂಕಿ ಬಂದ್ರೆ ಬೀದಿಯವರೆಲ್ಲ ಇಲ್ಲೇ ಬಂದು ಕೂರೋದು ಅಂತ ಆಗಿದೆ. ಮಕ್ಕಳು, ವಯಸ್ಸಾದವರು ಈ ಕೋಣೇಲಿ. ಗುಡ್ಡಕ್ಕೆ ಇದೇ ದೂರ. ಕರೆಂಟು ಹೋದ್ರೆ ಇರ್ಲಿ ಅಂತ ಮೇಣದಬತ್ತೀನೂ ಕೊಟ್ಟಿದ್ದಾರೆ."

"ಯಾರೂ ಇಲ್ಲಿ ಕೂರಬಾರದು. ಬೆಂಕಿ ಬಂದ್ರೆ ಊರು ಬಿಟ್ಟು ಹೋಗಬೇಕು. ನೀನೂ."

ಅಕ್ಕ ನಕ್ಕಳು. "ಸುಡಲ್ಲ ಅಂತ ನೀನೇ ಹೇಳಿದ್ದಲ್ವೇ?"

ಹೇಳಿದ್ದಳು. ಸಾವಿರ ಸಲ ಹೇಳಿದ್ದಳು, ಹೆಮ್ಮೆಯಿಂದ ಹೇಳಿದ್ದಳು. ಮನೆ ಸುಡುವುದಿಲ್ಲ ಎಂಬುದು ಒಂದು ಮಾತು, ಮನೆಯೊಳಗಿನವರು ಉಳಿಯುತ್ತಾರೆ ಎಂಬುದು ಇನ್ನೊಂದು ಮಾತು ಎಂದು ವಿವರಿಸಲು ಹೊರಟರೆ, ತನ್ನ ಬಾಯಿಂದಲೇ ತನ್ನ ಗೋಡೆ ಕೆಡವಿದಂತೆ ಕೇಳುತ್ತಿತ್ತು. ಕಿಡಿಗೆ ಜಾಲರಿ ಹಾಕಬಹುದು, ಹೊಗೆಗೆ ಹಾಕಲಾಗದು ಎಂದಳು. ಕಾಂಕ್ರೀಟಿಗೆ ಬೇಗ ಸಿಟ್ಟು ಬರುವುದಿಲ್ಲ, ಬಂದ ಸಿಟ್ಟು ಬೇಗ ಇಳಿಯುವುದೂ ಇಲ್ಲ, ಹೊರಗೆ ಬೆಂಕಿ ಆರಿದ ಮೇಲೂ ಗೋಡೆ ಒಳಗೆ ಕಾಯುತ್ತಲೇ ಇರುತ್ತದೆ ಎಂದಳು. ಅಕ್ಕ ಎಲ್ಲಕ್ಕೂ "ಹೂಂ" ಎಂದಳು. ಕುರ್ಚಿಯ ಧೂಳು ಒರೆಸಿದಳು.

ಸಿಲಿಂಡರುಗಳನ್ನು ಮಾತ್ರ ತಂಗಿ ಬಿಡಲಿಲ್ಲ. ಬೇಕರಿಯಾತ ಮುಖ ಊದಿಸಿಕೊಂಡು ಬಂದು, ತನ್ನ ವ್ಯಾನಿಗೆ ಹೇರಿಕೊಂಡು ದೂರದ ಗೋದಾಮಿಗೆ ಸಾಗಿಸಿದ. "ನಿಮ್ಮ ಕೆಲಸದ ಮೇಲೆ ನಿಮಗೇ ಭರವಸೆ ಇಲ್ಲ ಅಂದ್ರೆ ಹೇಗೆ ಮೇಡಂ?" ಎಂದು ಕೇಳಿ ಹೋದ.

ತಂಗಿ ತನ್ನ ಊರಿಗೆ ಮರಳದೆ ಅಕ್ಕನ ಮನೆಯಲ್ಲೇ ಉಳಿದಳು. ಫ್ಯಾನು ಹಿತ್ತಲಲ್ಲೇ ಉಳಿಯಿತು. ಆ ವಾರವೆಲ್ಲ ಗುಡ್ಡದ ಕಡೆಯಿಂದ ಹಕ್ಕಿಗಳು ಗುಂಪುಗುಂಪಾಗಿ ಹಾರಿಬಂದು ಬೀದಿಯ ತಂತಿಗಳ ಮೇಲೆ ಕೂತವು. ಯಾವುದೂ ಕೂಗಲಿಲ್ಲ. ಅಕ್ಕ ನೆಲ ಒರೆಸಿ ಹಿಂಡಿದ ಬಟ್ಟೆ ಬಕೆಟ್ಟಿನ ಅಂಚಿನಲ್ಲೇ ಒಣಗಿ ಸೆಟೆದುಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಿಸಿಲಿನ ಬಣ್ಣ ಬದಲಾಯಿತು. ತಟ್ಟೆಯ ಮೇಲೆ ಬಿದ್ದ ಬೆಳಕು ತಾಮ್ರದಂತಿತ್ತು. ಭಾವ ತುತ್ತನ್ನು ಕೈಯಲ್ಲೇ ಹಿಡಿದು ಕಿಟಕಿಯಾಚೆ ನೋಡಿದರು. ಗುಡ್ಡದ ನೆತ್ತಿಯ ಹಿಂದೆ ಇನ್ನೊಂದು ಗುಡ್ಡ ಎದ್ದು ನಿಂತಿತ್ತು, ಹೊಗೆಯದು.

ಧ್ವನಿವರ್ಧಕ ಕಟ್ಟಿದ ಜೀಪು ಬೀದಿಗೆ ಬಂತು: ಎಲ್ಲರೂ ಹೊರಡಿ, ನದಿಯಾಚೆಯ ಶಾಲೆಗೆ ಹೋಗಿ. ಬೀದಿಯವರು ಹೊರಟರು, ಆದರೆ ನದಿಯ ಕಡೆಗಲ್ಲ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಒಬ್ಬೊಬ್ಬರಾಗಿ ಮಕ್ಕಳ ಕೈ ಹಿಡಿದು, ನೀರಿನ ಬಾಟಲಿ ಹಿಡಿದು, ಬೂದುಬಣ್ಣದ ಮನೆಯ ಕಡೆಗೆ ಬಂದರು. ಬೇಕರಿಯಾತ ತಾಯಿಯನ್ನು ಎತ್ತಿಕೊಂಡು ಬಂದ. ಅಜ್ಜಿ ಮಗನ ಹೆಗಲ ಮೇಲಿಂದಲೇ "ಏನಮ್ಮಾ ಕಾಂಕ್ರೀಟಮ್ಮ, ಜಾಗ ಇದೆಯಾ?" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

"ಅಕ್ಕಾ, ನೀನು ಹೊರಟರೆ ಇವರೂ ಹೊರಡ್ತಾರೆ. ನೀನು ಕೂತರೆ ಎಲ್ಲರೂ ಕೂರ್ತಾರೆ."

"ಬಾಗಿಲಿಗೆ ಬಂದವರನ್ನ ಬೇಡ ಅಂತ ಕಳಿಸಲಾ?"

ಬೂದಿ ಉದುರತೊಡಗಿತು. ಜಲ್ಲಿಯ ಮೇಲೆ, ಮಕ್ಕಳ ತಲೆಯ ಮೇಲೆ, ಸದ್ದಿಲ್ಲದೆ. ತಂಗಿ ಅಂಗೈ ಒಡ್ಡಿದಳು. ಬೂದಿಯ ಎಸಳೊಂದು ಬಿದ್ದು ಪುಡಿಯಾಯಿತು, ಬೆಚ್ಚಗಿತ್ತು. ಆ ಬಿಸುಪೇ ಎಲ್ಲಿಂದಲೋ ಒಂದು ನೆನಪನ್ನು ಎತ್ತಿ ತಂದಿತು. ಅವಳು ಇಷ್ಟು ವರ್ಷ ತೊಟ್ಟಿಯನ್ನು ನೆನೆದಿದ್ದಳು. ತೊಟ್ಟಿಯೊಳಗೆ ಇಣುಕಿದ್ದನ್ನು ನೆನೆದಿರಲಿಲ್ಲ.

"ಅಕ್ಕಾ, ನಮ್ಮ ಹಿತ್ತಲ ತೊಟ್ಟೀಲಿ ಮೀನಿದ್ದವು."

ಅಕ್ಕ ತಿರುಗಿ ನೋಡಿದಳು. ಸೊಳ್ಳೆ ಆಗದಿರಲೆಂದು ಅಪ್ಪ ತಂದು ಬಿಟ್ಟ ಸಣ್ಣ ಮೀನುಗಳು. ಅವಕ್ಕೆ ದಿನಾ ಅನ್ನದ ಅಗುಳು ಹಾಕುತ್ತಿದ್ದವಳು ಅಕ್ಕ. ಒಂದೊಂದಕ್ಕೂ ಹೆಸರಿಟ್ಟು ಕರೆಯುತ್ತಿದ್ದಳು.

"ತೊಟ್ಟಿಗೆ ಏನೂ ಆಗಿರಲಿಲ್ಲ" ಎಂದಳು ತಂಗಿ. "ನೀರಿಗೆ ಕೈ ಹಾಕಿ ನೀನು ಚೀರಿದ್ದೆ. ಮೀನು ಬೆಳ್ಳಗೆ ತೇಲ್ತಿದ್ದವು."

 ಅಕ್ಕನ ಬಲಗೈ ತಾನಾಗಿಯೇ ಎಡಗೈಯೊಳಗೆ ಅಡಗಿಕೊಂಡಿತು. ಬಾಗಿಲ ಬಳಿ ನಿಂತ ಮಕ್ಕಳನ್ನು ಒಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಬಂದು, ಬಾಗಿಲೆಳೆದು ಬೀಗ ಹಾಕಿದಳು.

"ಇಲ್ಲಿ ಬೇಡ. ಎಲ್ಲರೂ ನಡೀರಿ, ನದಿ ಕಡೆ."

ಗೊಣಗಿದರು, ಬೈದರು, ಬೇಕರಿಯಾತ "ಹಾಸಿಗೆ ಇಡಿಸಿಕೊಂಡಾಗ ಬೇಡ ಅನ್ನಲಿಲ್ಲ?" ಎಂದು ಕೂಗಿದ. ಆದರೆ ಬೀಗದ ಕೈ ಅಕ್ಕನ ಮುಷ್ಟಿಯಲ್ಲಿತ್ತು, ಅಕ್ಕ ಆಗಲೇ ನಡೆಯುತ್ತಿದ್ದಳು. ವ್ಯಾನು, ಸೈಕಲ್ಲು, ಕಾಲು, ಯಾವುದಿದ್ದರೆ ಅದರಲ್ಲಿ ಬೀದಿ ಇಳಿಯಿತು. ಸೇತುವೆಯ ಮೇಲಿಂದ ತಂಗಿ ಹಿಂತಿರುಗಿ ನೋಡಿದಾಗ ಗುಡ್ಡದ ನೆತ್ತಿ ಕೆಂಪಗೆ ಸೀಳಿಕೊಂಡಿತ್ತು. ಅದರ ಕೆಳಗೆ ಅವಳ ಮನೆ ಹೆದರಿದವರಂತೆಯೂ ಇರಲಿಲ್ಲ, ಧೈರ್ಯವಂತರಂತೆಯೂ ಇರಲಿಲ್ಲ. ಬರೀ ಇತ್ತು.

ಮರಳಿ ಹೋಗಲು ಅಪ್ಪಣೆ ಸಿಕ್ಕಾಗ ಬೀದಿ ಇರಲಿಲ್ಲ. ಒಲೆಗಳಿದ್ದವು, ನಲ್ಲಿಗಳಿದ್ದವು, ಸುತ್ತ ಮನೆಗಳಿರಲಿಲ್ಲ. ಕೊನೆಯಲ್ಲಿ ಅಕ್ಕನ ಮನೆ ಮಸಿ ಮೆತ್ತಿಕೊಂಡು ನಿಂತಿತ್ತು, ಒಂದು ಬಿರುಕಿಲ್ಲದೆ. ಹಿಂದುಗಡೆ ಭಾವನ ಕಾರ್ಖಾನೆಯ ಜಾಗದಲ್ಲಿ ದಿಮ್ಮಿಗಳು ಇನ್ನೂ ಒಳಗೊಳಗೇ ಹೊಗೆಯಾಡುತ್ತಿದ್ದವು. ಭಾವ ಅದರ ಮುಂದೆ ನಿಂತರು. ತಮಾಷೆಯ ಮಾತೊಂದು ಬಾಯಿಗೆ ಬಂದಂತೆ ತುಟಿ ಅಲುಗಿತು, ಬರಲಿಲ್ಲ.

ಅಕ್ಕ ಬೀಗ ತೆಗೆದಳು. ಬೀದಿಯವರು ಒಳನುಗ್ಗಿದರು. ಹಾಸಿಗೆ ಹಾಸಿಗೆಯಾಗಿಯೇ ಇತ್ತು. ತೊಟ್ಟಿಲು, ಪೆಟ್ಟಿಗೆ, ಮದುವೆಯ ಫೋಟೋ, ಒಂದಕ್ಕೂ ಕಿಡಿ ತಾಗಿರಲಿಲ್ಲ. ಯಾರೋ ಅತ್ತರು. ಯಾರೋ ತಂಗಿಯ ಕಾಲು ಮುಟ್ಟಲು ಬಂದರು. ಬೇಕರಿಯಾತ ಅವಳ ಕೈ ಹಿಡಿದು ಕುಲುಕಿದ.

"ಸುಮ್ಮನೆ ಓಡಿಸಿದ್ರಿ ಮೇಡಂ. ಮುಂದಿನ ಸಲ ಯಾರ ಮಾತೂ ಕೇಳಲ್ಲ, ಇಲ್ಲೇ ಕೂರೋದು."

ಹೌದು ಹೌದು ಎಂದರು ಎಲ್ಲರೂ. ಇಡೀ ಬೀದಿ ನಗುತ್ತಿತ್ತು.  ಆ ನಗು ಕೇಳಿ ತಂಗಿಗೆ ಆದಷ್ಟು ಹೆದರಿಕೆ ಸೇತುವೆಯ ಮೇಲೂ ಆಗಿರಲಿಲ್ಲ.

ಅಕ್ಕ ಮಾತ್ರ ಹಿಂದಿನ ಕೋಣೆಯಲ್ಲಿ, ಖಾಲಿ ಕುರ್ಚಿಯ ಪಕ್ಕ ನಿಂತಿದ್ದಳು. ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಮೇಣದಬತ್ತಿಗಳು ಒಂದೂ ಉರಿದಿರಲಿಲ್ಲ. ಬತ್ತಿಗಳು ಬೆಳ್ಳಗೇ ಇದ್ದವು. ಆದರೆ ಎಲ್ಲವೂ ನಡು ಬಗ್ಗಿಸಿ, ತಲೆ ಕೆಳಗೆ ಹಾಕಿ, ಕುರ್ಚಿಯ ಕಡೆಗೆ ಜೋತುಬಿದ್ದಿದ್ದವು.

"ಇಲ್ಲಿ ಬನ್ನಿ" ಎಂದು ಅಕ್ಕ ಬೇಕರಿಯಾತನನ್ನು ಕರೆದಳು. "ನಿಮ್ಮಮ್ಮನ್ನ ಇಲ್ಲಿ ಕೂರಿಸ್ತಿದ್ವಿ."

ಅವನು ನೋಡಿದ. ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತವರಂತೆ. "ಮೇಣ ತಾನೇ" ಎಂದ ಕೊನೆಗೆ. "ಮೇಣ ಅಂದ್ಮೇಲೆ ಬಗ್ಗತ್ತೆ."

"ಮುಂದಿನ ಸಲ ನಾನು ಬಾಗಿಲು ತೆಗೆಯಲ್ಲ."

"ನೀವಾ? ನಿಮಗೆ ಬೇಡ ಅನ್ನೋಕೆ ಬರುತ್ತಾ?"

 ಅಕ್ಕ ಬಗ್ಗಿ ಅವನ ಹಾಸಿಗೆಯ ಒಂದು ತುದಿ ಹಿಡಿದಳು, ಇನ್ನೊಂದು ತುದಿ ಹಿಡಿಯುವಂತೆ ಅವನತ್ತ ನೋಡಿದಳು. ಇಬ್ಬರೂ ಅದನ್ನು ಹೊತ್ತು ಹೊರಗಿನ ಜಲ್ಲಿಯ ಮೇಲೆ ಇಟ್ಟರು. ಆಮೇಲೆ ಪೆಟ್ಟಿಗೆ. ಆಮೇಲೆ ತೊಟ್ಟಿಲು. ನಗು ನಿಂತಿತು. ಜನ ತಮ್ಮ ತಮ್ಮ ಗಂಟುಗಳನ್ನು ಎತ್ತಿಕೊಂಡರು, ಇಡಲು ಮನೆಯಿಲ್ಲದವರು, ಸಿಟ್ಟಿನಲ್ಲಿ. ಮೇಣದಬತ್ತಿಗಳನ್ನು ಮಾತ್ರ ಅಕ್ಕ ಯಾರಿಗೂ ಮುಟ್ಟಲು ಬಿಡಲಿಲ್ಲ.

ಕೋಣೆ ಬರಿದಾದ ಮೇಲೆ ತಂಗಿ ಹಿಂಗೋಡೆಯ ಮೇಲೆ ಅಂಗೈ ಇಟ್ಟಳು. ಭಾವ ಬಂದು ಪಕ್ಕದಲ್ಲಿ ತಮ್ಮ ಒರಟು ಕೈ ಇಟ್ಟರು. ಹೊರಗೆ ಸುಟ್ಟ ಗುಡ್ಡದ ಎಡಕ್ಕೆ ಬೆಂಕಿ ಮುಟ್ಟದ ಇನ್ನೊಂದು ಗುಡ್ಡವಿತ್ತು, ಬಿಳಿಚಿದ ಹುಲ್ಲು ಹೊತ್ತು. ಗಾಳಿ ಆ ಕಡೆಯಿಂದ ಬೀಸತೊಡಗಿತ್ತು. ಗೋಡೆ ಇನ್ನೂ ಬೆಚ್ಚಗಿತ್ತು.