ಗೇರಿಗೆ ಅಳತೆ ತೆಗೆದ ರುದ್ರಣ್ಣ

ರುದ್ರಣ್ಣ ಮೆಕ್ಯಾನಿಕ್ಕಾದರೂ ಕೊರಳಲ್ಲಿ ಸದಾ ಟೈಲರ್ ಟೇಪು ನೇತಾಡುತ್ತಿತ್ತು. ಹಣೆಗೆ ಮೂರು ಪಟ್ಟೆ ವಿಭೂತಿ, ಕೆನ್ನೆಗೆ ಮೂರು ಪಟ್ಟೆ ಗ್ರೀಸು. ಸತ್ಯಮಂಗಲದ ಅವರ ಶೆಡ್ಡಿಗೆ ಜೀಪು ತಂದರೆ ಮೊದಲು ಓನರನ್ನು ಅಳೆಯುತ್ತಿದ್ದರು, ಆಮೇಲೆ ಜೀಪನ್ನು.

ನನ್ನ ಹಳೇ ಜೀಪಿಗೆ ದಪ್ಪ ಟೈರು ಹಾಕಿಸಿದ್ದೆ. ಅವು ಮಡ್‌ಗಾರ್ಡಿಗೆ ಉಜ್ಜತೊಡಗಿದಾಗ ರುದ್ರಣ್ಣ ಚಾಸಿಗೂ ಬಾಡಿಗೂ ನಡುವೆ ಮೂರಿಂಚಿನ ಕಬ್ಬಿಣದ ತುಂಡುಗಳನ್ನಿಟ್ಟು ಬಾಡಿಯನ್ನು ಮೇಲೆತ್ತಿದರು. ಎಂಜಿನ್ನು, ಗೇರ್‌ಬಾಕ್ಸು ಇದ್ದಲ್ಲೇ ಇದ್ದವು. ಹಾಗಾಗಿ ಗೇರಿನ ಕೋಲು ಮೂರಿಂಚು ಜೀಪಿನ ನೆಲದೊಳಕ್ಕೆ ಹೂತುಹೋಯಿತು.

"ಕಟ್ ಮಾಡಿ, ತುಂಡು ಸೇರ್ಸಿ ಉದ್ದ ಮಾಡ್ಬೇಕು ಸಾ."

"ಕತ್ತರಿಸಿದರೆ ಆಮೇಲೆ ಮುರಿದುಗಿರಿದು ಹೋದರೆ? ಬೇಡವೇ ಬೇಡ," ಎಂದೆ. ನಾನು ಹೊಸ ಚಪ್ಪಲಿಯ ಬಾರು ಕಿತ್ತುಹೋದೀತೆಂದು ಅಂಗಡಿಯಲ್ಲೇ ಹೆದರುವವನು.

"ಮನೆ ಎತ್ತಿ ಮೇಲಿಡ್ಸ್‌ಕೊಂಡು, ಏಣಿ ಮಾತ್ರ ಉದ್ದ ಮಾಡ್ಬ್ಯಾಡ ಅಂದಂಗಾಯ್ತು. ಆಯ್ತು ಬುಡಿ."

ಮರುದಿನ ಗುಬ್ಬಿ ಗೇಟಿನ ಸಿಗ್ನಲ್ಲಿನಲ್ಲಿ ಫಸ್ಟ್ ಗೇರು ಹುಡುಕುತ್ತಾ ಬಗ್ಗಿದೆ. ನನ್ನ ತಲೆ ಡ್ಯಾಶ್‌ಬೋರ್ಡಿನ ಕೆಳಗೆ ಮಾಯವಾಯಿತು. ಪಕ್ಕದ ಆಟೋದವನು ಜೀಪಿನಲ್ಲಿ ಕೂತಿದ್ದ ನನ್ನ ಹೆಂಡತಿಯನ್ನು, "ಏನಕ್ಕಾ, ಡ್ರೈವರ್ ಇಳ್ಕೊಂಡೋದ್ನಾ?" ಎಂದು ವಿಚಾರಿಸಿಕೊಂಡ.

ಮನೆಗೆ ಬಂದವಳೇ ಅವಳು ತೀರ್ಪು ಕೊಟ್ಟಳು: "ಭಾನುವಾರ ಕೊತ್ತಗೆರೆಗೆ, ನಮ್ಮಪ್ಪನ ತೋಟಕ್ಕೆ, ಮರ್ಯಾದೆಯಾಗಿ ಕರ್ಕೊಂಡ್ ಹೋದ್ರೆ ಸರಿ. ಇಲ್ದಿದ್ರೆ ಇದನ್ನ ಮಾರ್ತೀವಿ."

ಜೀಪು ಮಾರುವುದೆಂದರೆ ನನ್ನ ಯೌವನದ ಕೊನೆಯ ಸಾಕ್ಷಿಯನ್ನು ಮಾರಿದಂತೆ. ಶೆಡ್ಡಿಗೆ ಓಡಿ, ಕೋಲು ಉದ್ದ ಮಾಡಲು ಒಪ್ಪಿದೆ. ರುದ್ರಣ್ಣ ನನ್ನನ್ನು ಸೀಟಿನಲ್ಲಿ ಕೂರಿಸಿ, ಅಂಗೈಯಿಂದ ಗೇರಿನ ಕೋಲಿನವರೆಗೆ ಟೇಪು ಹಿಡಿದರು. ಅದೇ ಗಳಿಗೆಯಲ್ಲಿ ನಾನು, "ಬ್ರೇಕ್ ಹಿಡಿಯುತ್ತಾ?" ಎಂದು ಯೋಚಿಸಿ ಮುದುಡಿದೆ. ಅವರು ಅಳತೆ ಬರೆದುಕೊಂಡರು.

ವೆಲ್ಡಾಗಿ ಬಂದ ಕೋಲು ಬೆನ್ನು ನೆಟ್ಟಗೆ ಮಾಡಿ ಕೂತರೆ ಕೈಗೆ ಎಟುಕದು, ಹೆದರಿ ಮುದುಡಿದರೆ ತಾನಾಗಿ ಅಂಗೈಯೊಳಗೆ ಬರುತ್ತದೆ.

"ಧೈರ್ಯವಾಗಿ ಕೂತರೆ ಸಿಗಲ್ವಲ್ಲ ರುದ್ರಣ್ಣ!"

"ನೀವು ಧೈರ್ಯವಾಗಿ ಕೂತಿದ್ದನ್ನ ನಾನಂತೂ ನೋಡಿಲ್ಲ ಸಾ. ದಿನಾ ಹಾಕೋ ಬಟ್ಟೆಗೆ ಅಳತೆ ತಗೋಬೇಕು, ಹಬ್ಬದ್ದಕ್ಕಲ್ಲ."

ಭಾನುವಾರ ಕೊತ್ತಗೆರೆಯ ಗಾಡಿಜಾಡಿನಲ್ಲಿ ಹೆದರಿ ಮುದುಡಿಯೇ ಕೂತಿದ್ದೆ. ಹಾಗಾಗಿ ಒಂದು ಗೇರೂ ತಪ್ಪಲಿಲ್ಲ. ತೋಟದಲ್ಲಿ ಇಳಿದ ಹೆಂಡತಿ, "ಈಗ ನಿಮ್ಮ ತಲೆ ಕಾಣ್ತದೆ. ಇರ್ಲಿ ಬಿಡಿ ಗಾಡಿ," ಎಂದಳು.

ಎರಡು ವರ್ಷದ ಮೇಲೆ ರುದ್ರಣ್ಣ ಶೆಡ್ಡು ಮುಚ್ಚಿ, ಮಂಡಿ ಆಪರೇಷನ್ ಮಾಡಿಸಿಕೊಂಡು ಗುಬ್ಬಿಯಲ್ಲಿ ಮಗಳ ಮನೆ ಸೇರಿದರು. ನೋಡಲು ಹೋದಾಗ, "ಒಂದ್ ರೌಂಡ್ ಕರ್ಕೊಂಡೋಗಿ ಸಾ," ಎಂದು ಮಗುವಿನಂತೆ ಎದ್ದು ಬಂದರು. ಕಾಲು ಎತ್ತಿದರು, ಎಟುಕಲಿಲ್ಲ. ಮಗಳು ಪ್ಲಾಸ್ಟಿಕ್ ಸ್ಟೂಲು ತಂದಳು, ನಾನು ಹಿಂದಿನಿಂದ ನೂಕಿದೆ. ಸ್ಟೂಲು ಮುರಿಯಿತು, ಅವರು ಹತ್ತಲಿಲ್ಲ.

ಏದುಸಿರು ಬಿಡುತ್ತಾ ಕೇಳಿದರು: "ಯಾವನ್ ಸಾ ಇದನ್ನ ಇಷ್ಟೆತ್ರಕ್ಕೆ ಎತ್ತಿದ್ದು?"

"ಯಾರೋ ಸತ್ಯಮಂಗಲದವರಂತೆ."

"ಸಿಕ್ರೆ ಬುಡಬ್ಯಾಡಿ. ಒಂದ್ ಮೆಟ್ಲು ಮಡಗ್ಬೇಕು ಅನ್ನೋ ಬುದ್ಧಿ ಬ್ಯಾಡ್ವ?"

ಮೆಟ್ಟಿಲು ಹಾಕಿಸಿಕೊಂಡು ಬರುತ್ತೇನೆಂದು ಮಾತು ಕೊಟ್ಟೆ. ಬೋಲ್ಟಾದರೆ ಸಡಿಲವಾದೀತು, ವೆಲ್ಡಿಂಗಾದರೆ ತುಕ್ಕು ಹಿಡಿದೀತು ಎಂದು ಎರಡು ತಿಂಗಳು ಯೋಚಿಸಿದೆ. ರುದ್ರಣ್ಣ ಅಷ್ಟು ದಿನ ಕಾಯದೆ ಕಣ್ಣು ಮುಚ್ಚಿದರು.