ರಾಜನ ಬೂಟಿನಡಿಯ ಕಂಬಳಿ

ಮಗಳ ಸಮಾಜ ಪುಸ್ತಕದಲ್ಲಿ ನಿನ್ನೆ ಅದೇ ರಾಜ ಮತ್ತೆ ಸಿಕ್ಕಿದ. ತಗಡಿನಲ್ಲಿ ಗೆರೆ ಕೊರೆದು ಅಚ್ಚು ಹಾಕಿದ ಹಳೆಯ ಚಿತ್ರ. ತಲೆಗೆ ಕಿರೀಟ, ಕೈಯಲ್ಲಿ ಕತ್ತಿ, ಕಾಲಿಗೆ ಬೂಟು, ಬೂಟಿನಡಿ ಕಪ್ಪನೆಯ ಹಾಸು.

ನಾನು ಚಿಕ್ಕವಳಿದ್ದಾಗ ಮೇಷ್ಟ್ರು ಅದನ್ನೇ ತೋರಿಸಿ, "ಇವನು ರಾಜ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದ್ದರು. ನಾನು ಎದ್ದು, "ಕಂಬ್ಳಿ ಮ್ಯಾಲೆ ಅದಾನೆ ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು. ಸರಿಯುತ್ತರ ಕಿರೀಟವಂತೆ! ಅಂಗೈಗೆ ಎರಡು ಬೆತ್ತದೇಟು ಬಿದ್ದವು.

ಚಳ್ಳಕೆರೆ ಕಡೆಯ ನಮ್ಮ ಕುರಿಹಟ್ಟಿಯಲ್ಲಿ ಕಿರೀಟ ಕಂಡವರಾದರೂ ಯಾರು? ಅಜ್ಜ ಕರಿಕಂಬಳಿ ಹಾಸಿ ನ್ಯಾಯಕ್ಕೆ ಕೂತರೆ ಅದೇ ಗದ್ದುಗೆ. ಅದರೆದುರು ಸುಳ್ಳಾಡಲು ಎಂಥವನಿಗೂ ನಾಲಿಗೆ ಏಳುತ್ತಿರಲಿಲ್ಲ.

ಏಟು ತಿಂದ ದಿನ ಸಂಜೆ ಅಜ್ಜನಿಗೆ ಊದಿದ ಅಂಗೈ ತೋರಿಸಿ ಪುಸ್ತಕ ಬಿಚ್ಚಿದೆ. ಅವನು ಕಿರೀಟ ನೋಡಲಿಲ್ಲ, ಕತ್ತಿಯನ್ನೂ ನೋಡಲಿಲ್ಲ.

"ಥೂ! ಕಂಬ್ಳಿ ಮ್ಯಾಲೆ ಕೆರ ಮೆಟ್ಕಂಡು ನಿಂತಾನಲ್ಲವ್ವ! ಇವನ್ಯಾವ ಸೀಮೆ ದೊರೆ? ಇವನ್ನ ರಾಜ ಅಂದ ನಿಮ್ ಮೇಷ್ಟ್ರಿಗೆ ಬೀಳ್ಬೇಕಿತ್ತು ಏಟು!"

ಪುಟದ ಕೆಳಗೆ ಈಗಲೂ ಪ್ರಶ್ನೆಯಿದೆ: ರಾಜನ ಅಧಿಕಾರದ ಚಿಹ್ನೆಗಳನ್ನು ಹೆಸರಿಸಿ. ಮಗಳು ಕಿರೀಟ, ಕತ್ತಿ ಎಂದು ಬರೆದಿದ್ದಾಳೆ. ಮೇಡಂ ಪೂರ್ತಿ ಅಂಕ ಕೊಟ್ಟಿದ್ದಾರೆ.

ನನ್ನ ಅಂಗೈ ಮತ್ತೆ ಉರಿಯಿತು.